ಎರಡು ಪೆಟ್ಟಿಗೆ, ಒಂದು ಕುರ್ಚಿ

ಜೂನ್ 3, ಸೋಮವಾರ

ಮಾವ ಬಂದಿಳಿದರು. ಒಂದು ಸೂಟ್‌ಕೇಸು, ಒಂದು ಊರುಗೋಲು, ಕಣ್ಣಿಗೆ ಹಾಕುವ ಔಷಧಿಯ ಒಂದು ಪುಟ್ಟ ಬಾಟಲಿ. ಬಾವಮೈದನ ಮನೆಯ ನೆಲ ಕಿತ್ತು ಹೊಸದು ಹಾಕಿಸುತ್ತಿದ್ದಾರೆ, ಆ ಧೂಳಿನಲ್ಲಿ ಅವರನ್ನು ಇಟ್ಟುಕೊಳ್ಳುವ ಹಾಗಿಲ್ಲ. ಆಗಸ್ಟ್ ನಾಲ್ಕು, ಭಾನುವಾರ, ಅಪ್ಪನಿಂದ ಹೊಸ ನೆಲದ ಮೇಲೆ ಕಾಲಿಡಿಸುತ್ತೇನೆ ಎಂದು ಅವನು ಮಾತು ಕೊಟ್ಟಿದ್ದಾನೆ. ಲೆಕ್ಕ ಹಾಕಿದೆ. ಅರವತ್ತೆರಡು ದಿನ.

ಇದು ನಮ್ಮ ತೂಕ-ಅಳತೆ ಇಲಾಖೆಯಿಂದ ಕೊಟ್ಟ ಡೈರಿ. ಇಷ್ಟು ವರ್ಷ ಇಂಥ ಡೈರಿಗಳಲ್ಲಿ ಯಾವ ಅಂಗಡಿಯ ತಕ್ಕಡಿ ಎಷ್ಟು ತಪ್ಪು ತೋರಿಸಿತು ಎಂದಷ್ಟೇ ಬರೆದಿದ್ದೇನೆ. ಮನೆಯ ವಿಷಯ ಬರೆಯುವುದು ಇದೇ ಮೊದಲು. ಹೆಂಡತಿಯ ಹತ್ತಿರ ಹೇಳುವಂತಿಲ್ಲ, ಏಕೆಂದರೆ ಅವರು ಅವಳ ಅಪ್ಪ. ಆಫೀಸಿನಲ್ಲಿ ಹೇಳಿದರೆ ಮಧ್ಯಾಹ್ನದೊಳಗೆ ಇಡೀ ಮಹಡಿಗೆ ಗೊತ್ತಾಗುತ್ತದೆ. ಬರೆದಾದರೂ ಹೊಟ್ಟೆ ಹಗುರ ಮಾಡಿಕೊಳ್ಳೋಣ ಎಂದು ಕೂತಿದ್ದೇನೆ.

ಮಾವ ಕೆಟ್ಟವರಲ್ಲ. ನಲವತ್ತೊಂದು ವರ್ಷ ಒಂದೇ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು, ಅಂದರೆ ಮೇಲಿನ ಕ್ಯಾಬಿನ್ನಿನಲ್ಲಿ ನಿಂತು ಪ್ರೊಜೆಕ್ಟರ್ ಓಡಿಸುತ್ತಿದ್ದವರು. ಈಗ ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿನಲ್ಲಿ ಮುಷ್ಟಿಯಷ್ಟು ಜಾಗ ಮಾತ್ರ ಕಾಣುತ್ತದಂತೆ. ನನ್ನ ಸಂಕಟ ಬೇರೆ. ಹೋದ ತಿಂಗಳಷ್ಟೇ ಎರಡು ಸ್ಪೀಕರ್ ಪೆಟ್ಟಿಗೆ, ಒಂದು ಆಂಪ್ಲಿಫೈಯರ್ ತಂದಿಟ್ಟಿದ್ದೇನೆ. ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಯಾರ ಕಾಟವೂ ಇಲ್ಲದೆ ಒಂದು ಸಿನಿಮಾ ನೋಡುವುದು, ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ನನಗೋಸ್ಕರ ಮಾಡಿಕೊಂಡ ಒಂದೇ ಏರ್ಪಾಡು. ಅದಕ್ಕೀಗ ಪಾಲುದಾರರು ಬಂದರು.

ಜೂನ್ 9, ಭಾನುವಾರ

ಮೊದಲ ಭಾನುವಾರ ಹೀಗೆ ಕಳೆಯಿತು. ಹೊಡೆದಾಟ ಬಂದರೆ ಕಿಟಕಿಯ ಗಾಜು ನಡುಗುತ್ತದೆ, ಹಾಡು ಬಂದರೆ ಪಕ್ಕದ ಮನೆಯವರು ಕೆಮ್ಮುತ್ತಾರೆ. ಮಾತು ಬಂತೋ, ಎಲ್ಲರೂ ಗುಟ್ಟು ಹೇಳಿಕೊಳ್ಳುತ್ತಿರುವ ಹಾಗೆ. ಏರಿಸು, ಇಳಿಸು, ಏರಿಸು, ಇಳಿಸು. ರಿಮೋಟು ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತಿದೆ. ನಾಯಕ ನಾಯಕಿಗೆ ಏನು ಹೇಳಿ ಮನೆ ಬಿಟ್ಟು ಹೋದನೋ ದೇವರಿಗೇ ಗೊತ್ತು.

ಇದರ ನಡುವೆ ಮಾವನ ವಿವರಣೆ ಬೇರೆ. "ಈಗ ರೀಲು ಬದಲಾಯ್ತು" ಎಂದರು. ಐದು ನಿಮಿಷಕ್ಕೆ ಏನೋ ನೆನಪಾಗಿ ನಕ್ಕರು. ಆಮೇಲೆ, ಈ ಎಡಗಡೆ ಪೆಟ್ಟಿಗೆ ಅಂತ ಏನೋ ಶುರು ಮಾಡಿದರು. ನಾನು ಸಿನಿಮಾ ನಿಲ್ಲಿಸಿ ಹೇಳಿದೆ, ಈ ಮನೆಯಲ್ಲಿ ಸಿನಿಮಾ ನಡೆಯುವಾಗ ಯಾರೂ ಮಾತಾಡುವುದಿಲ್ಲ ಮಾವ, ಅದೊಂದು ನಿಯಮ ಅಂತ. ಏರುದನಿಯಲ್ಲೇನೂ ಹೇಳಲಿಲ್ಲ. ಅವರು "ಸರಿ ಅಳಿಯಂದ್ರೇ" ಎಂದು ಸುಮ್ಮನಾದರು. ಕೊನೆಯವರೆಗೂ ತುಟಿ ಬಿಚ್ಚಲಿಲ್ಲ.

ಹೆಂಡತಿ ಸಂಜೆಯಿಂದ ಮುಖ ಊದಿಸಿಕೊಂಡಿದ್ದಾಳೆ. ಇನ್ನು ಐವತ್ತಾರು ದಿನ.

ಜೂನ್ 11, ಮಂಗಳವಾರ

ಆಫೀಸಿನಲ್ಲಿ ನನ್ನ ಬೆನ್ನ ಹಿಂದೆ ನನ್ನನ್ನು ಗುಲಗಂಜಿ ಎನ್ನುತ್ತಾರೆ. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇದ್ದೇನೆ. ಗುಲಗಂಜಿಯಷ್ಟು ವ್ಯತ್ಯಾಸವನ್ನೂ ಬಿಡದಿರುವುದು ನನ್ನ ಕೆಲಸ. ತಕ್ಕಡಿ ಸರಿಯಿದ್ದರೆ ಮುದ್ರೆ, ಇಲ್ಲದಿದ್ದರೆ ತಿರಸ್ಕಾರ. ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನಿದೆ?

ಇವತ್ತು ಕೆಲಸ ಮುಗಿಸಿ ಸ್ಪೀಕರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ನನ್ನ ದೂರನ್ನು ಕೇಳಿ ನಕ್ಕ. ನಮ್ಮ ಟಿವಿಯ ಡಬ್ಬಿ ಶಬ್ದವನ್ನು ಆರು ಸ್ಪೀಕರಿಗೆ ಪಾಲು ಮಾಡಿ ಕಳಿಸುತ್ತಿದೆಯಂತೆ. ಅದರಲ್ಲಿ ಮಾತು ಹೋಗುವುದು ಮಧ್ಯದ ಸ್ಪೀಕರಿಗೆ. ನಮ್ಮ ಮನೆಯಲ್ಲಿ ಮಧ್ಯದ ಸ್ಪೀಕರೇ ಇಲ್ಲ. ಅಂದರೆ ಇಷ್ಟು ದಿನ ಮಾತುಗಳೆಲ್ಲ ಇಲ್ಲದ ವಿಳಾಸಕ್ಕೆ ಹೋಗುತ್ತಿದ್ದವು.

ಮನೆಗೆ ಬಂದು ಸೆಟ್ಟಿಂಗಿನಲ್ಲಿ ಹುಡುಕಿ, ಆರನ್ನು ಎರಡು ಮಾಡಿದೆ. ಮಾತು ಬಂತು. ಹೋದ ತಿಂಗಳು ನೋಡಿದ ಸಿನಿಮಾವನ್ನೇ ಸ್ವಲ್ಪ ಹಾಕಿ ನೋಡಿದರೆ, ಕೊಲೆಗಾರ ಆ ಮನೆಯ ಅಡುಗೆಯವನ ಅಣ್ಣನಂತೆ. ನನಗೆ ಗೊತ್ತೇ ಇರಲಿಲ್ಲ.

ಜೂನ್ 16, ಭಾನುವಾರ

ಮಾತು ಬರುತ್ತಿದೆ ನಿಜ, ಸ್ಪಷ್ಟವಿಲ್ಲ. ಖಾಲಿ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗಿದೆ. ಶಬ್ದ ಕೋಣೆಯ ತುಂಬ ಇದೆ, ಆದರೆ ಯಾರು ಎಲ್ಲಿಂದ ಮಾತಾಡುತ್ತಿದ್ದಾರೆ ಎಂಬುದೇ ತಿಳಿಯುವುದಿಲ್ಲ.

ಊಟಕ್ಕೆ ಕೂತಾಗ ಮಾವ ಒಂದು ಸಿನಿಮಾದ ಕಥೆ ಹೇಳಿದರು. ಅದರ ಹೆಸರೇನೋ ಬೇರೆ, ಅವರ ಬಾಯಲ್ಲಿ ಮಾತ್ರ 'ಸ್ಟೇಷನ್ ಪಿಕ್ಚರು'. ಅವರ ಟಾಕೀಸಿನಲ್ಲಿ ನೂರು ದಿನ ಓಡಿತಂತೆ, ದಿನಕ್ಕೆ ನಾಲ್ಕು ಆಟ. ಕೊನೆಯ ಹೊತ್ತಿಗೆ ಒಂದು ರೈಲ್ವೆ ಸ್ಟೇಷನ್ನು, ಅಪ್ಪ ಮಗಳನ್ನು ಕಳಿಸಿಕೊಡುವ ಸೀನು. ಥಿಯೇಟರಿನಲ್ಲಿ ಅಳದೇ ಇದ್ದವರಿಲ್ಲ. ಗೇಟಿನಲ್ಲಿ ಟಿಕೆಟ್ ಹರಿಯುವವನೂ ಆ ಹೊತ್ತಿಗೆ ಸರಿಯಾಗಿ ಒಳಗೆ ಬಂದು ಅತ್ತು ಹೋಗುತ್ತಿದ್ದನಂತೆ. ಮಾವ ಒಬ್ಬರೇ ಅದನ್ನು ಕೇಳಲಿಲ್ಲ. ಕ್ಯಾಬಿನ್ನಿನಲ್ಲಿ ಎರಡು ಮೆಷಿನ್ನಿನ ಗದ್ದಲ. ಅದೂ ಅಲ್ಲದೆ, ರೀಲು ಮುಗಿಯುವುದು ಆ ಸೀನಿನಲ್ಲೇ. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಬರುತ್ತದೆ. ಅದು ಬಂದ ತಕ್ಷಣ ಎರಡನೇ ಮೆಷಿನ್ನು ಓಡಬೇಕು. ಒಂದು ಕ್ಷಣ ತಪ್ಪಿದರೆ ಪರದೆ ಬೆಳ್ಳಗಾಗಿ ಜನ ಶಿಳ್ಳೆ ಹಾಕುತ್ತಾರೆ.

"ನಾನೂರು ಸಲ ನೋಡಿದೀನಿ ಅಳಿಯಂದ್ರೇ. ನೋಡಿದ್ದು ಬರೀ ಚುಕ್ಕೆ" ಎಂದರು.

ಆ ಅಪ್ಪನ ತುಟಿ ಅಲ್ಲಾಡುವುದನ್ನು ಓರೆಗಣ್ಣಿನಲ್ಲಿ ಕಂಡು, ಹೀಗೆ ಹೇಳುತ್ತಿರಬಹುದು ಎಂದು ತಾವೇ ಒಂದು ಮಾತು ಊಹಿಸಿಕೊಂಡಿದ್ದರಂತೆ. ಏನು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಇನ್ನೂ ಅರ್ಧ ಗಂಟೆ ಆಗುತ್ತಿತ್ತು. ಇನ್ನು ನಲವತ್ತೊಂಬತ್ತು ದಿನ.

ಜೂನ್ 22, ಶನಿವಾರ

ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಡಾಕ್ಟರು ದೀಪ ಹಿಡಿದು ನೋಡಿ, ಮಾವನನ್ನು ಹೊರಗೆ ಕೂರಿಸಿ, ನಮ್ಮಿಬ್ಬರಿಗೆ ಹೇಳಿದರು. ಬಲಗಣ್ಣಿನ ನರವೂ ಒಣಗುತ್ತಾ ಬಂದಿದೆ. ಔಷಧಿ ತಡೆಯುತ್ತದೆ, ಹೋದದ್ದನ್ನು ತರುವುದಿಲ್ಲ. ಎರಡು ತಿಂಗಳೋ ಮೂರೋ, ಇನ್ನೂ ಬೇಗವೋ, ಹೇಳುವುದು ಕಷ್ಟ ಎಂದರು. ಏಳು ಗಂಟೆ, ಎರಡು ಗಂಟೆ, ರಾತ್ರಿ ಒಂಬತ್ತಕ್ಕೆ ತಪ್ಪದೆ ಔಷಧಿ ಹಾಕಬೇಕು. ಹೆಂಡತಿ ಆ ಕೆಲಸವನ್ನು ನನಗೆ ವಹಿಸಿದಳು. ಗಡಿಯಾರದ ವಿಷಯದಲ್ಲಿ ಅವಳಿಗೆ ನನ್ನ ಮೇಲೆ ನಂಬಿಕೆ ಇದೆ.

ಮನೆಗೆ ಬಂದ ಮೇಲೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಲ್ಲಿ ಬಿಟ್ಟರೆ ನನಗೆ ಕೇಳಿಸುವುದಿಲ್ಲ ಎಂದು ಅವಳ ಲೆಕ್ಕ.

ಮಾವನಿಗೆ ಯಾರೂ ಹೇಳಲಿಲ್ಲ, ಅವರಿಗೆ ಗೊತ್ತು. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಆ ಸ್ಟೇಷನ್ ಪಿಕ್ಚರು ಈಗ ಎಲ್ಲಾದ್ರೂ ಸಿಗುತ್ತಾ?" ಎಂದು ಕೇಳಿದರು. "ಕಣ್ಣು ಇರೋವಾಗಲೇ ಒಂದು ಸಲ, ಆ ಮುಖಾನೂ ನೋಡ್ಬೇಕು, ಮಾತೂ ಕೇಳ್ಬೇಕು. ಎರಡೂ ಒಟ್ಟಿಗೆ" ಎಂದರು. ಹುಡುಕಿದೆ. ಟಿವಿಯಲ್ಲೇ ಸಿಗುತ್ತದೆ. ಹಾಕಿಬಿಡಲೇ ಎಂದರೆ ಬೇಡ ಎಂದರು. ಮೊದಲು ಮಾತು ಸರಿಯಾಗಲಿ, ಕೊಡದೊಳಗಿನ ದನಿಯಲ್ಲಿ ಅದನ್ನು ಕೇಳಲಾರೆ ಎಂದರು.

ಇದು ನ್ಯಾಯವಾದ ಬೇಡಿಕೆ. ಕೈಲಿರುವ ಕೆಲಸ ಇದು, ಮಾಡಿ ಮುಗಿಸುತ್ತೇನೆ.

ಜೂನ್ 30, ಭಾನುವಾರ

ಬೆಳಗಿನಿಂದ ಮನೆ ಎಂಬುದು ಮನೆಯಾಗಿರಲಿಲ್ಲ. ಅಂಗಡಿಯವನು ಹೇಳಿದ ಪ್ರಕಾರ, ಸ್ಪೀಕರುಗಳನ್ನು ಶೋಕೇಸಿನ ತಲೆಯ ಮೇಲೆ ಮೂಲೆಗೆ ಒತ್ತಿ ಇಡುವುದೇ ತಪ್ಪು. ಗೋಡೆ ಶಬ್ದವನ್ನು ಉಬ್ಬಿಸುತ್ತದೆ. ಕೂತವರ ಕಿವಿಯ ಮಟ್ಟಕ್ಕೆ ಇಳಿಸಬೇಕು, ಗೋಡೆಯಿಂದ ಎರಡಡಿ ಮುಂದೆ ತರಬೇಕು, ಮುಖ ಸ್ವಲ್ಪ ಒಳಕ್ಕೆ ತಿರುಗಿಸಬೇಕು. ಎರಡು ಪೆಟ್ಟಿಗೆಯ ನಡುವೆ ಎಷ್ಟು ದೂರವೋ, ಪ್ರತಿ ಪೆಟ್ಟಿಗೆಯಿಂದ ಕುರ್ಚಿಗೂ ಅಷ್ಟೇ ದೂರ ಇರಬೇಕು. ಇದು ನನ್ನ ಭಾಷೆ. ಇಲಾಖೆಯ ಉಕ್ಕಿನ ಟೇಪು ತಂದೆ. ಏಳಡಿ, ಏಳಡಿ, ಏಳಡಿ. ಅರ್ಧ ನೂಲಿನ ವ್ಯತ್ಯಾಸವಿಲ್ಲ. ಕುರ್ಚಿಯ ನಾಲ್ಕು ಕಾಲಿಗೂ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದೆ. ಬರಿ ನೆಲ ಶಬ್ದವನ್ನು ಎತ್ತಿ ಎಸೆಯುತ್ತದೆಂದು ಮಲಗುವ ಕೋಣೆಯ ಕಂಬಳಿ ತಂದು ಹಾಸಿದೆ, ಕಿಟಕಿಗೆ ದಪ್ಪ ಪರದೆ. ಹೆಂಡತಿ ಒಳಗೆ ಬಂದವಳು ಇದು ಹಜಾರವೋ ನಿಮ್ಮ ಆಫೀಸೋ ಎಂದು ಕೇಳಿ ಹೋದಳು.

ಎಡಗಡೆಯ ವೈರು ಗಿಡ್ಡವಾಯಿತು. ಅದನ್ನು ನಡುವೆ ಕತ್ತರಿಸಿ, ಡಬ್ಬಿಯಲ್ಲಿದ್ದ ಬೇರೆ ತುಂಡು ವೈರು ಸೇರಿಸಿ, ತಿರುಚಿ, ಟೇಪು ಸುತ್ತಿದೆ.

ಎಲ್ಲ ಆದ ಮೇಲೂ ಅದೇ ಕೊಡ, ಅದೇ ದನಿ.

ಮಾವ ಗೋಡೆ ಹಿಡಿದುಕೊಂಡು ಬಂದು, ವೈರು ಒಂದು ಸಲ ನನ್ನ ಕೈಗೆ ಕೊಡಿ ನೋಡೋಣ ಎಂದರು. ಬೆಳಗಿನಿಂದ ಬಗ್ಗಿ ಬಗ್ಗಿ ನನ್ನ ಸೊಂಟ ಹೋಗಿತ್ತು. "ಕಾಣದವರು ಕರೆಂಟಿನ ಹತ್ರ ಬರಬೇಡಿ ಮಾವ" ಅಂದೆ. ಅವರು ಬಂದ ಹಾಗೆಯೇ ಗೋಡೆ ಹಿಡಿದುಕೊಂಡು ಒಳಗೆ ಹೋದರು.

ನಾನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಸುರಕ್ಷತೆಯ ಪ್ರಶ್ನೆ. ಇನ್ನು ಮೂವತ್ತೈದು ದಿನ.

ಜುಲೈ 4, ಗುರುವಾರ

ಔಷಧಿ 7, 2, 9. ಎರಡು ಗಂಟೆಯದಕ್ಕೆ ಆಫೀಸಿನಿಂದ ಬಂದು ಹೋದೆ. ಹೇಗೂ ಆ ಕಡೆ ಒಂದು ಅಂಗಡಿ ನೋಡಬೇಕಿತ್ತು.

ಜುಲೈ 7, ಭಾನುವಾರ

ದಪ್ಪ ಶಬ್ದ ಕಡಿಮೆ ಮಾಡಿದೆ, ಸಣ್ಣ ಶಬ್ದ ಹೆಚ್ಚು ಮಾಡಿದೆ. ಗದ್ದಲವನ್ನು ತಗ್ಗಿಸಿ ಪಿಸುಮಾತನ್ನು ಎತ್ತಿಕೊಡುವ ಒಂದು ಬಟನ್ನು ಇದೆಯೆಂದು ಇವತ್ತು ಕಂಡುಕೊಂಡೆ. ಅದನ್ನು ಒತ್ತಿದ ಮೇಲೆ ರಿಮೋಟು ಕೈಯಲ್ಲಿ ಹಿಡಿದೇ ಕೂರುವುದು ತಪ್ಪಿತು. ಆದರೆ ದನಿಗೆ ಎದೆಯಿಲ್ಲ. ಮಾವ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದರು. ಸರಿಯಾಯಿತೇ ಎಂದು ಕೇಳಿದೆ. ತಲೆ ಅಲ್ಲಾಡಿಸಿದರು, ಇಲ್ಲ ಎಂದು.

ಜುಲೈ 12, ಶುಕ್ರವಾರ

ಮಾವ ನೀರಿನ ಲೋಟ ಎತ್ತಿಕೊಳ್ಳಲು ಹೋಗಿ ಮೊದಲು ಟೇಬಲ್ಲನ್ನು ಸವರಿದರು. ಲೋಟ ಇದ್ದದ್ದು ಮೂಗಿನ ಮುಂದೆ. ನನ್ನ ಹೆಂಡತಿ ನೋಡಲಿಲ್ಲ. ನಾನು ಅದನ್ನು ಸ್ವಲ್ಪ ಕೈಯ ಕಡೆಗೆ ಸರಿಸಿದೆ.

ಜುಲೈ 21, ಭಾನುವಾರ

ಅಂಗಡಿಯವನು ಮಧ್ಯದ ಪೆಟ್ಟಿಗೆಯನ್ನು ಒಂದು ವಾರ ಇಟ್ಟುಕೊಂಡು ನೋಡಿ ಎಂದು ಕೊಟ್ಟ. ತಂದೆ. ನಮ್ಮ ಆಂಪ್ಲಿಫೈಯರಿನಲ್ಲಿ ಅದನ್ನು ಸೇರಿಸಲು ಜಾಗವೇ ಇಲ್ಲ, ಎರಡಕ್ಕೆ ಮಾತ್ರ ಮಾಡಿದ್ದಂತೆ. ಹಾಗಾದರೆ ಆಂಪ್ಲಿಫೈಯರನ್ನೂ ಬದಲಾಯಿಸಿ ಎಂದ. ಪೆಟ್ಟಿಗೆಯನ್ನು ಹಾಗೇ ವಾಪಸು ಕೊಟ್ಟು ಬಂದೆ. ತಲೆ ಚಿಟ್ಟು ಹಿಡಿದಿದೆ.

ಇಷ್ಟು ವರ್ಷದಲ್ಲಿ ನನ್ನ ಕೈಗೆ ಬಂದ ಒಂದು ತಕ್ಕಡಿಯೂ ತನ್ನ ತಪ್ಪನ್ನು ನನ್ನಿಂದ ಮುಚ್ಚಿಟ್ಟಿದ್ದಿಲ್ಲ. ಈ ಎರಡು ಮರದ ಪೆಟ್ಟಿಗೆಗಳು ಆರು ವಾರದಿಂದ ನನ್ನನ್ನು ಆಡಿಸುತ್ತಿವೆ.

ಹೆಂಡತಿ ಕೇಳಿದಳು, "ಅಪ್ಪನ್ನ ಒಂದು ಮಾತು ಕೇಳಬಾರದಾ? ಅವರ ಜೀವನವೆಲ್ಲಾ ಅದರಲ್ಲೇ ಹೋಯ್ತು." ಅವರಿಗೆ ಗೊತ್ತಿದ್ದರೆ ಅವರೇ ಹೇಳುತ್ತಿದ್ದರು ಎಂದೆ. ಅವಳು ನನ್ನನ್ನು ಒಂದು ಥರ ನೋಡಿದಳು.

ಜುಲೈ 27, ಶನಿವಾರ

ಬರೆಯಲು ಮನಸ್ಸಿಲ್ಲ. ಬರೆಯದೆ ಬಿಟ್ಟರೆ ನಾನು ಮೋಸದ ತಕ್ಕಡಿ.

ಮಧ್ಯಾಹ್ನ ಔಷಧಿ ಹಾಕಿದ ಮೇಲೆ ಮಾವನ ಪಕ್ಕದಲ್ಲೇ ಕೂತು, ನನ್ನಿಂದ ಆಗಲಿಲ್ಲ, ನೀವೇ ಒಂದು ಸಲ ನೋಡಿ ಎಂದೆ. ನೋಡಿ ಎಂಬ ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಅದನ್ನು ಗಮನಕ್ಕೇ ತೆಗೆದುಕೊಳ್ಳಲಿಲ್ಲ. ಟಾರ್ಚಿನ ಒಂದು ಸೆಲ್ಲು ತನ್ನಿ, ಮೇನ್ ಆಫ್ ಮಾಡಿ, ಪೆಟ್ಟಿಗೆಗಳ ಮುಂದಿನ ಬಟ್ಟೆ ತೆಗೆಯಿರಿ ಎಂದರು. ದನಿಯೇ ಬದಲಾಗಿತ್ತು. ನಾನು ಅವರ ಅಸಿಸ್ಟೆಂಟು.

ಬಲಗಡೆಯ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತು, ಒಳಗಿನ ಕಪ್ಪು ಕಾಗದದ ಬಟ್ಟಲಿನ ಮೇಲೆ ಎರಡು ಬೆರಳು ಇಟ್ಟರು, ಮಗುವಿನ ಜ್ವರ ನೋಡುವ ಹಾಗೆ. ನಾನು ಆಂಪ್ಲಿಫೈಯರಿನಿಂದ ವೈರು ಬಿಚ್ಚಿ, ಅವರು ಹೇಳಿದಂತೆ ಸೆಲ್ಲಿನ ತಲೆಗೆ ಕೆಂಪು ತುದಿಯ ಎಳೆ, ಬುಡಕ್ಕೆ ಕಪ್ಪು ತುದಿಯ ಎಳೆ ತಾಗಿಸಿದೆ. ಟಕ್ ಎಂದಿತು. "ಹೊರಗೆ ತಳ್ತು" ಎಂದರು. ತೆವಳಿಕೊಂಡು ಎಡಗಡೆಯದಕ್ಕೆ ಹೋದರು. ಅದೇ ಥರ ತಾಗಿಸಿದೆ. ಟಕ್. ಮಾವ ಬೆರಳು ತೆಗೆಯಲಿಲ್ಲ. ಇನ್ನೊಂದು ಸಲ ಎಂದರು. ಟಕ್.

"ಇದು ಒಳಗೆ ಎಳ್ಕೊಳ್ತಿದೆ ಅಳಿಯಂದ್ರೇ. ಒಂದು ತಳ್ಳುವಾಗ ಇನ್ನೊಂದು ಎಳ್ಕೊಂಡ್ರೆ, ಮಧ್ಯದಲ್ಲಿ ಮಾತು ಎಲ್ಲಿ ನಿಲ್ಲುತ್ತೆ? ಕೆಂಪು ಕಪ್ಪು ಎಲ್ಲೋ ಅದಲು ಬದಲಾಗಿದೆ."

ನಾನು ಸೇರಿಸಿದ ತುಂಡು ವೈರಿನ ಎರಡೂ ಎಳೆ ಬಿಳಿಯವು. ಗುರುತು ಹಾಕದೆ ತಿರುಚಿದ್ದೆ. ಆದರೆ ಆ ತುಂಡು ಹಾಕಿದ್ದು ಜೂನ್ ಮೂವತ್ತರಂದು, ಕೊಡದ ದನಿ ಅದಕ್ಕೂ ಮೊದಲೇ ಇತ್ತಲ್ಲ ಎಂದೆ. ಮಾವ ಪೆಟ್ಟಿಗೆಯ ಬೆನ್ನಿನ ಎರಡು ತಿರುಪು ಸವರಿ, ಇಲ್ಲಿ ಬಣ್ಣ ನೋಡಿ ಎಂದರು. ಬಗ್ಗಿ ನೋಡಿದೆ, ಕೆಂಪು ತಿರುಪಿನಲ್ಲಿ ಕಪ್ಪು ಎಳೆ. ತಂದ ದಿನವೇ ಪೆಟ್ಟಿಗೆಯ ಹಿಂದೆ ತಪ್ಪು ಕಚ್ಚಿಸಿದ್ದೆ. ಆಮೇಲೆ ಹಾಕಿದ ಬಿಳಿ ತುಂಡಿನಲ್ಲೂ ಅದಲು ಬದಲು ಆಗಿದ್ದರೆ, ಎರಡು ತಪ್ಪು ಸೇರಿ ಒಂದು ಸರಿಯಾಗುತ್ತಿತ್ತು. ಕುರುಡು ಅದೃಷ್ಟಕ್ಕೆ ಅದೊಂದನ್ನು ಮಾತ್ರ ಸರಿಯಾಗಿ ಸೇರಿಸಿದ್ದೆ.

ಬಿಚ್ಚಿ ಸರಿಯಾಗಿ ಕಚ್ಚಿಸಲು ಒಂದು ನಿಮಿಷ ಸಾಕಾಯಿತು. ಒಂದೇ ನಿಮಿಷ.

ನಿಮಗೆ ಯಾವಾಗ ಅನುಮಾನ ಬಂತು ಎಂದು ಕೇಳಿದೆ. ಮೊದಲ ಭಾನುವಾರವೇ ಬಂತಂತೆ. ಹೇಳಲು ಬಾಯಿ ತೆರೆದಿದ್ದರಂತೆ. ಆಮೇಲೆ, "ಸಿನಿಮಾ ನಡೆಯುವಾಗ ಮಾತಾಡಬಾರದು ಅಂದ್ರಲ್ಲ" ಎಂದು ನಕ್ಕರು. ಚುಚ್ಚಿ ಹೇಳಿದ್ದಲ್ಲ. ಚುಚ್ಚಿದ್ದರೆ ವಾಸಿಯಿತ್ತು.

ಈ ಡೈರಿಯ ಹಿಂದಿನ ಪುಟ ತಿರುವಿ ನೋಡಿದೆ. ಜೂನ್ ಒಂಬತ್ತು, "ಎಡಗಡೆ ಪೆಟ್ಟಿಗೆ ಅಂತ ಏನೋ ಶುರು ಮಾಡಿದರು" ಎಂದು ನನ್ನ ಕೈಬರಹದಲ್ಲೇ ಇದೆ. ಜೂನ್ ಮೂವತ್ತೂ ಇದೆ. ಆಗ ಅವರಿಗೆ ಲೋಟ ಕಾಣುತ್ತಿತ್ತು. ನನಗೆ ನಾಚಿಕೆಯಾಗುತ್ತಿದೆ.

ಜುಲೈ 28, ಭಾನುವಾರ

ಸ್ಟೇಷನ್ ಪಿಕ್ಚರು ಹಾಕಿದೆವು. ಮಧ್ಯಾಹ್ನ ಮೂರು ಗಂಟೆಗೆ, ಕಿಟಕಿಯ ಪರದೆ ಎಳೆದು.

ಗುರುತು ಹಾಕಿದ ಜಾಗದಲ್ಲಿ ಮಾವನನ್ನು ಕೂರಿಸಿದೆ. ಅದು ನಿಮ್ಮ ಕುರ್ಚಿ ಎಂದು ಅವರು ಒಪ್ಪಲಿಲ್ಲ. ಅದರ ಬೆನ್ನು ನನಗೆ ಇತ್ತೀಚೆಗೆ ಒತ್ತುತ್ತದೆ ಎಂದು ಹೇಳಿ ಕೂರಿಸಿದೆ. ಎರಡು ಪೆಟ್ಟಿಗೆಯ ವ್ಯವಸ್ಥೆಯಲ್ಲಿ ನಿಜವಾದ ಜಾಗ ಒಂದೇ. ಅಲ್ಲಿ ಕೂತವರಿಗೆ ಮಾತ್ರ ದನಿ ಎಡದಿಂದಲೂ ಅಲ್ಲ, ಬಲದಿಂದಲೂ ಅಲ್ಲ, ಏನೂ ಇಲ್ಲದ ಮಧ್ಯದಿಂದ ಬರುತ್ತದೆ. ಸಿನಿಮಾ ಶುರುವಾಗಿ ಮೊದಲ ಮಾತು ಬಂದ ಕೂಡಲೇ ಮಾವ ಬೆನ್ನು ನೆಟ್ಟಗೆ ಮಾಡಿದರು. ಟಾಕೀಸಿನಲ್ಲಿ ಸ್ಪೀಕರು ಪರದೆಯ ಹಿಂದೆ ಇರುತ್ತಿತ್ತು, ಪರದೆಯಲ್ಲಿ ಸಾಸಿವೆಯಷ್ಟು ತೂತುಗಳಿರುತ್ತಿದ್ದವು, ಮಾತು ಮುಖದೊಳಗಿಂದಲೇ ಬರುತ್ತಿತ್ತು ಎಂದು ಹೇಳಿದರು. "ಇಲ್ಲೂ ಹಾಗೇ ಬರ್ತಿದೆ. ಯಾರೋ ಎದುರಿಗೇ ನಿಂತಿದಾರೆ" ಎಂದು ಗಾಳಿಯಲ್ಲಿ ಕೈ ತೋರಿಸಿದರು.

ಕೈ ತೋರಿಸಿದ್ದು ಸರಿಯಾಗಿ ಮಧ್ಯಕ್ಕೆ. ಟಿವಿ ಇರುವುದು ಅದಕ್ಕಿಂತ ಒಂದೂವರೆ ಅಡಿ ಬಲಕ್ಕೆ, ಕಿಟಕಿಯ ಬೆಳಕು ಬೀಳದಿರಲೆಂದು ನಾನೇ ಸರಿಸಿದ್ದೆ. ಮಾವ ಟಿವಿಯ ಕಡೆ ನೋಡುತ್ತಲೇ ಇರಲಿಲ್ಲ. ಪರದೆ ಪೂರ್ತಿ ಬಿಳಿಯಾಯಿತು, ಕಪ್ಪಾಯಿತು, ಅವರ ಕಣ್ಣು ಅಲ್ಲಾಡಲಿಲ್ಲ.

ಹೆಂಡತಿ ಟೀ ಮಾಡಲು ಹೋದಾಗ ನಾನು ಬಗ್ಗಿ ಅವರ ಕಿವಿಯ ಹತ್ತಿರ, ಯಾವಾಗಿನಿಂದ ಮಾವ ಎಂದು ಕೇಳಿದೆ.

"ಒಂದು ವಾರ ಆಯ್ತು. ಅವಳಿಗೆ ಈಗಲೇ ಹೇಳ್ಬೇಡಿ."

ಒಂದು ವಾರ. ಹೋದ ಭಾನುವಾರ ನಾನು ಅಂಗಡಿಯವನ ಪೆಟ್ಟಿಗೆ ಹೊತ್ತು ತಿರುಗುತ್ತಿದ್ದೆ. ಅವರು ಕೇಳಿದ್ದು ಎರಡೂ ಒಟ್ಟಿಗೆ ಎಂದು. ನಾನು ಅದರಲ್ಲಿ ಅರ್ಧವನ್ನು ನುಂಗಿ ಹಾಕಿದೆ. ಕ್ಷಮಿಸಿ ಎಂದು ಹೇಳಲು ಹೋದೆ, ಬರಲಿಲ್ಲ. ಅದರ ಬದಲು, "ಈಗ ಹುಡುಗಿ ಬಾಗಿಲು ತೆಗೀತಿದಾಳೆ. ಹೊರಗೆ ಪೋಸ್ಟ್‌ಮನ್ ನಿಂತಿದಾನೆ" ಎಂದೆ. ಮಾವ ತಲೆಯನ್ನು ನನ್ನ ಕಡೆ ಸ್ವಲ್ಪ ವಾಲಿಸಿದರು. ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತೆ.

ಅಲ್ಲಿಂದ ಮುಂದೆ ಬಂದದ್ದನ್ನೆಲ್ಲ ಬಂದ ಹಾಗೆ ಹೇಳಿದೆ. ಯಾರು ಎದ್ದರು, ಯಾರು ಕೂತರು, ಹುಡುಗಿಯ ಮುಖ ಹೇಗಾಯಿತು. ಮಾತು ಬಂದಾಗ ನಿಲ್ಲಿಸುವುದು, ಮಾತಿಲ್ಲದಾಗ ಹೇಳುವುದು. ಸ್ಟೇಷನ್ನು ಬಂತು. ರೈಲು ನಿಂತಿದೆ ಎಂದೆ. ಮಗಳು ಒಳಗೆ, ಕಿಟಕಿಯ ಹತ್ತಿರ. ಅಪ್ಪ ಹೊರಗೆ. ಅವನ ಅಂಗಿಯ ಮೇಲಿನ ಗುಂಡಿ ಹೋಗಿದೆ, ಕೈಯಲ್ಲಿ ಹಿಡಿದುಕೊಂಡಿದ್ದಾನೆ. ಅಷ್ಟರಲ್ಲಿ ಬಲಗಡೆ ಮೇಲೆ, ಮೂಲೆಯಲ್ಲಿ, ಅದು ಬಂತು. ಹಳೆಯ ಪ್ರಿಂಟಿನಿಂದ ಇಳಿಸಿದ್ದಾದ್ದರಿಂದ ಹಾಗೇ ಉಳಿದಿದೆ.

"ಚುಕ್ಕೆ ಬಂತು ಮಾವ" ಎಂದೆ.

ಅವರ ಎಡಗೈ ಕುರ್ಚಿಯ ಕೈ ಬಿಟ್ಟು ಮೇಲೆದ್ದಿತು, ಪಕ್ಕದಲ್ಲಿರುವ ಮೆಷಿನ್ನಿಗೆ. ಅಲ್ಲಿದ್ದದ್ದು ನಾನು. ಆ ಕೈಯನ್ನು ಹಿಡಿದುಕೊಂಡೆ. ಇವತ್ತು ನೀವು ಏನೂ ಬದಲಾಯಿಸಬೇಕಾಗಿಲ್ಲ, ಕೇಳಿ ಎಂದೆ.

ರೈಲು ಕೂಗಿತು. ಆ ಅಪ್ಪ ಮಗಳಿಗೆ ಹೇಳಿದ, "ಕಿಟಕಿ ಹಾಕ್ಕೋ. ಗಾಳಿ ಬರುತ್ತೆ." ಅಷ್ಟೇ. ರೈಲು ಹೊರಟಿತು.

ಮಾವ ಇನ್ನೊಂದು ಸಲ ಹಾಕಿ ಎಂದರು. ಹಾಕಿದೆ. ಮತ್ತೊಂದು ಸಲ. ಕಿಟಕಿ ಹಾಕ್ಕೋ, ಗಾಳಿ ಬರುತ್ತೆ. ಒಂದೊಂದು ಅಕ್ಷರವೂ ಮಧ್ಯದಲ್ಲಿ ನಿಂತಿತ್ತು.

"ಇಷ್ಟೇನಾ?" ಎಂದರು. ಆಮೇಲೆ ನಿಧಾನವಾಗಿ, "ಇಷ್ಟೇ ಇರುತ್ತೆ. ಸರಿಯಾಗೇ ಹೇಳಿದಾನೆ" ಎಂದರು.

ಬಾಗಿಲ ಹತ್ತಿರ ಟೀ ಹಿಡಿದು ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ಅಪ್ಪ, 'ಯಾವಾಗ ಬೇಕಾದ್ರೂ ಬಾ, ಬಾಗಿಲು ಹಾಕಿರಲ್ಲ' ಅಂತ ಆ ಪಿಕ್ಚರಿನ ಅಪ್ಪ ಹೇಳ್ತಾನೆ ಅಂದಿದ್ದೆಯಲ್ಲ. ನಾನು ಮದುವೆಯಾಗಿ ಹೊರಟಾಗ ನನಗೂ ಅದನ್ನೇ ಹೇಳಿದ್ದೆ. ಸಿನಿಮಾ ಡೈಲಾಗ್ ಹೇಳ್ತೀಯ ಅಂತ ನಾನು ನಕ್ಕಿದ್ದೆ."

ಮಾವ ಅವಳ ದನಿ ಬಂದ ಕಡೆ ತಿರುಗಿದರು. "ಹಾಗಾದ್ರೆ ಅದು ನಂದೇ" ಎಂದರು.

ಅವಳು ಟೀ ಲೋಟವನ್ನು ಅವರ ಕೈಗೆ ಹಿಡಿಸಿ, ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಕೂಡಿಸಿದಳು. ಕಣ್ಣಿನ ವಿಷಯ ಅವಳಿಗೆ ನಾವು ಹೇಳುವುದು ಏನೂ ಉಳಿದಿರಲಿಲ್ಲ.

ಆಗಸ್ಟ್ 1, ಗುರುವಾರ

ದಿನಾ ಸಂಜೆ ಒಂದು ಸಿನಿಮಾ ಆಗುತ್ತಿದೆ. ಇವತ್ತು ಹೆಂಡತಿ, "ನೀವು ಇಷ್ಟೊಂದು ಮಾತಾಡ್ತೀರಿ ಅಂತ ಗೊತ್ತಿದ್ದಿದ್ರೆ ಸ್ಪೀಕರ್ ಯಾಕೆ ಬೇಕಿತ್ತು? ನನಗೆ ಒಂದು ಡೈಲಾಗೂ ಕೇಳಿಸ್ತಿಲ್ಲ" ಎಂದಳು. ನಾನೆಲ್ಲಿ ಮಾತಾಡಿದೆ? ಅಗತ್ಯವಾದ ವಿವರ ಕೊಟ್ಟೆ, ಅಷ್ಟೇ. ಅವಳು ಕೂರುವ ಜಾಗ ಸರಿಯಿಲ್ಲ.

ಭಾನುವಾರ ಬೆಳಿಗ್ಗೆ ಎಷ್ಟು ಗಂಟೆಗೆ ಬಂದು ಬಿಡುತ್ತೀರಿ ಎಂದು ಬಾವಮೈದ ಫೋನು ಮಾಡಿದ್ದ. ಯಾವ ಭಾನುವಾರ ಎಂದು ಕೇಳಿದೆ. ಈ ಭಾನುವಾರವೇ ಭಾವ, ನಾಲ್ಕನೇ ತಾರೀಖು ಎಂದ. ಕ್ಯಾಲೆಂಡರ್ ನೋಡಿದೆ. ಹೌದು.

ಆಗಸ್ಟ್ 4, ಭಾನುವಾರ

ಮಾವನ ಸೂಟ್‌ಕೇಸನ್ನು ನಿನ್ನೆಯೇ ಕಟ್ಟಿದ್ದಳು. ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ದಾರಿಯಲ್ಲಿ ಏನೇನು ಬರುತ್ತಿದೆ ಎಂದು ನಾನು ಹೇಳುತ್ತಿದ್ದೆ, ಅರ್ಧ ದಾರಿಯಲ್ಲಿ ನಿಲ್ಲಿಸಿದೆ.

ಬಾವಮೈದ ಒಳ್ಳೆಯ ಮನುಷ್ಯ. ಹೊಸ ನೆಲ ಜಾರದ ಹಾಗೆ ಇದೆ. ಅಪ್ಪನಿಗೆ ಬಚ್ಚಲಿನ ಪಕ್ಕದ ಕೋಣೆ ಕೊಟ್ಟಿದ್ದಾನೆ, ಗೋಡೆಗೆ ಹಿಡಿಕೆ ಹಾಕಿಸಿದ್ದಾನೆ. ಹಜಾರದಲ್ಲಿ ದೊಡ್ಡ ಟಿವಿ. ಅಪ್ಪನಿಗೆ ಸಿನಿಮಾ ಕೇಳಲು ಇಬ್ಬದಿಯಲ್ಲೂ ಹೊಸ ಸ್ಪೀಕರು ಎಂದು ತೋರಿಸಿದ. ನಾನು ಜೇಬಿಗೆ ಕೈ ಹಾಕಿದೆ. ಉಕ್ಕಿನ ಟೇಪು ಇತ್ತು. ಯಾಕೆ ತಂದಿದ್ದೆನೋ ಗೊತ್ತಿಲ್ಲ.

ಅಳೆದೆ. ಎರಡು ಪೆಟ್ಟಿಗೆಯ ನಡುವೆ ಐದಡಿ. ಸೋಫಾ ಹನ್ನೊಂದಡಿ ಹಿಂದೆ, ಬೆನ್ನು ಗೋಡೆಗೆ ಅಂಟಿಕೊಂಡಿದೆ. ಬಲಗಡೆ ಗಾಜಿನ ಬಾಗಿಲು, ಎಡಗಡೆ ಏನೂ ಇಲ್ಲದ ಓಣಿ. ಬರಿ ನೆಲ, ಒಂದು ಕಂಬಳಿಯಿಲ್ಲ. ಮೂರು ಸಲ ಅಳೆದೆ. ಅಕ್ಕ ತಮ್ಮ ಇಬ್ಬರೂ ನನ್ನನ್ನೇ ನೋಡುತ್ತಿದ್ದರು, ಮಾವನೂ ಟೇಪಿನ ಸದ್ದು ಬಂದ ಕಡೆ ಮುಖ ಮಾಡಿದ್ದರು.

"ಇಲ್ಲಿ ಮಾತು ಕೇಳಿಸೋದಿಲ್ಲ" ಎಂದೆ. ನನಗೇ ಗೊತ್ತಾಯಿತು, ಅದು ಆಫೀಸಿನ ದನಿ. "ಈ ಕೋಣೆ ಆಗಲ್ಲ."

ಬಾವಮೈದ ಸೋಫಾ ಸರಿಸೋಣ ಎಂದ. ಸರಿಸಿದರೆ ಊಟದ ಮೇಜಿಗೆ ಬಡಿಯುತ್ತದೆ ಎಂದೆ. ಕಂಬಳಿ ತರೋಣ ಎಂದ. ಕಂಬಳಿ ಒಂದರಿಂದ ಏನೂ ಆಗುವುದಿಲ್ಲ ಎಂದೆ. ಅವನು ಅಕ್ಕನ ಮುಖ ನೋಡಿದ, ಅಕ್ಕ ಕಿಟಕಿಯ ಹೊರಗೆ ನೋಡಿದಳು. ಕೊನೆಗೆ ಅವನು ನನ್ನ ಹೆಗಲ ಮೇಲೆ ಕೈ ಇಟ್ಟು, "ಭಾವ, ಅಪ್ಪನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ ಅಂತ ನೇರವಾಗಿ ಹೇಳಿಬಿಡಿ" ಎಂದ.

ಇದು ಅಳತೆಯ ಪ್ರಶ್ನೆ ಎಂದು ಹೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ. "ಮನಸ್ಸಿಲ್ಲ" ಎಂದೆ.

ಮಾವ ಸೂಟ್‌ಕೇಸಿನ ಹಿಡಿ ಹುಡುಕಿ ಎತ್ತಿಕೊಂಡು ಎದ್ದು ನಿಂತರು. "ಅಳಿಯಂದ್ರು ಮುದ್ರೆ ಒತ್ತಲ್ಲ ಅಂದ್ಮೇಲೆ ಮುಗೀತು ಕಣಪ್ಪ" ಎಂದು ಮಗನಿಗೆ ಹೇಳಿದರು. "ನೀನು ಭಾನುವಾರ ಅಲ್ಲಿಗೇ ಬಾ. ಬಾಗಿಲು ಹಾಕಿರಲ್ಲ."

ಊಟ ಮಾಡಿ, ಸಂಜೆ ಮೂವರೂ ವಾಪಸು ಬಂದೆವು. ಹೆಂಡತಿ ದಾರಿಯುದ್ದಕ್ಕೂ ನನ್ನ ತೋಳು ಹಿಡಿದುಕೊಂಡಿದ್ದಳು. ಡ್ರೈವರು ಮುಂದಿನ ಕನ್ನಡಿಯಲ್ಲಿ ನೋಡುತ್ತಿದ್ದ, ನೋಡಿಕೊಳ್ಳಲಿ.

ಆಗಸ್ಟ್ 5, ಸೋಮವಾರ

ಔಷಧಿ 7, 2, 9.

ನೆಲ ಒರೆಸುವಾಗ ಸೀಮೆಸುಣ್ಣದ ಗುರುತು ಅಳಿಸಿ ಹೋಗಿತ್ತು. ಮತ್ತೆ ಅಳೆದು, ಈ ಸಲ ಬಣ್ಣದಲ್ಲಿ ಹಾಕಿದೆ.

ಕಣ್ಣಿನ ಔಷಧಿ ಮುಗಿಯುತ್ತಾ ಬಂದಿತ್ತು. ಹೋದ ಕಣ್ಣಿಗೆ ಇನ್ನೇಕೆ ಎಂದು ಮಾವ ಕೇಳಿದರು. ಒತ್ತಡ ಏರಿದರೆ ನೋವು ಬರುತ್ತದೆ, ಹಾಕಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ಒಂದು ಬಾಟಲಿ ಒಂದು ತಿಂಗಳು ಬರುತ್ತದೆ. ಔಷಧಿ ಅಂಗಡಿಯವರು ಎಷ್ಟು ಬೇಕು ಎಂದರು. ಇರುವಷ್ಟೂ ಕೊಡಿ ಎಂದೆ.